ಹೊಲಿಗಿ ಅಕ್ಕೋರು ಹತ್ತಿದ ಹಿಮದ ಗುಡ್ಡ

ಮೊನ್ನೆ ನಮ್ಮ ಬೈರಿದೇವರಕೊಪ್ಪದ ಓಣ್ಯಾಗ ಹೊಲಿಗಿ ಮಷೀನ್ ರಿಪೇರಿ ಮಾಡಾಂವ ಬಂದಿದ್ದ. ಎದುರು ಮನಿ ಕಟ್ಟಿ ಮ್ಯಾಲೆ ಕುಂತು, ಒಂದು ಹಳೇ ಮಷೀನಿನ ತಲಿ ಹಿಂದಕ್ಕ ಮಲಗಿಸಿ, ಸಣ್ಣ ಕುಪ್ಪಿಯಿಂದ ಎಣ್ಣಿ ಬಿಡಾಕತ್ತಿದ್ದ. ಕಾಯಿಪಲ್ಯೆ ತಗೊಂಡು ಮನಿಗೆ ಬರಾಕತ್ತಿದ್ದ ನಾನು ಅಲ್ಲೇ ನಿಂತುಬಿಟ್ಟೆ. ಆ ಎಣ್ಣಿ ವಾಸನಿ ಮೂಗಿಗೆ ಬಡದಿತ್ತು. ಮಂದಿಗೆ ಮಲ್ಲಿಗಿ ವಾಸನಿಗೆ, ಒಗ್ಗರಣಿ ವಾಸನಿಗೆ ತಮ್ಮ ತಮ್ಮವರು ನೆನಪಾಗ್ತಾರಂತ. ನನಗ ಮಷೀನ್ ಎಣ್ಣಿ ವಾಸನಿಗೆ ನಮ್ಮ ಹೊಲಿಗಿ ಅಕ್ಕೋರು ನೆನಪಾಗ್ತಾರ. ನೆನಪಾದ್ರ ಛಲೋ ಅನಸೂದಿಲ್ಲ. ಆವತ್ತು ರಾತ್ರಿ ಊಟಾನೂ ಸೇರಲಿಲ್ಲ.

ಸಾಲ್ಯಾಗ ಕಲಸೋ ಹೆಣ್ಣಮಕ್ಕಳಿಗೆ ನಮ್ಮ ಕಡೆ ಅಕ್ಕೋರು ಅಂತಾರ. ಇವರು ಹುಬ್ಬಳ್ಳ್ಯಾಗ ಒಂದು ಹೆಣ್ಣಮಕ್ಕಳ ಸಾಲ್ಯಾಗ ಹೊಲಿಗಿ ಕಲಸ್ತಿದ್ರು. ಹುಟ್ಟಿದೂರು ಅಮ್ಮಿನಬಾವಿ. ಇರೋದು ಗೋಪನಕೊಪ್ಪದಾಗ, ತಮ್ಮನ ಮನ್ಯಾಗ. ಮದಿವಿ ಆಗಿದ್ದಿಲ್ಲ. ಯಾಕ ಆಗಲಿಲ್ಲ ಅಂತ ಕೇಳೋ ಧೈರ್ಯಾ ಯಾರಿಗೂ ಇದ್ದಿದ್ದಿಲ್ಲ. ಮೈ ಸಣ್ಣದು, ಧ್ವನಿ ದೊಡ್ಡದು. ಒಂದು ನೂಲು ಆಚೀಚೆ ಆದ್ರೂ ಆ ಕಣ್ಣಿಗೆ ಕಾಣ್ತಿತ್ತು. ಸತ್ತವರ ಮ್ಯಾಲೆ ಬರಿಯೋವಾಗ ಭಾಳ ಒಳ್ಳೇವರಿದ್ರು ಅಂತ ಬರೀಬೇಕಂತ ಒಂದು ರೂಢಿ ಐತಿ. ನಾ ಹಂಗ ಬರಿಯಂಗಿಲ್ಲ. ಅಕ್ಕೋರು ಒಳ್ಳೇವರಿದ್ದಿದ್ದಿಲ್ಲ. ಕೆಲಸಕ್ಕ ಖರೇ, ಬಾಯಿಗೆ ಭಾಳ ಕೆಟ್ಟವರು.

ನಾ ಏಳನೇ ಇಯತ್ತೆ ಇದ್ದಾಗ ಅವರ ತಾಸಿನ್ಯಾಗ ಒಂದು ಕರವಸ್ತ್ರದ ಅಂಚು ಹೊಲದೆ. ಸೊಟ್ಟ ಆಗಿತ್ತು. ಬಿಚ್ಚಿಸಿದ್ರು. ಮತ್ತ ಹೊಲದೆ, ಮತ್ತ ಬಿಚ್ಚಿಸಿದ್ರು. ಐದನೇ ಸಲ ಅಳಾಕ ಹತ್ತಿದೆ. ಆವಾಗ ಆ ಕರವಸ್ತ್ರಾನ ನನ್ನ ಬೆನ್ನಿಗೆ ಪಿನ್ನ ಹಚ್ಚಿ ಸಾಲ್ಯಾಗಿನ ಎಲ್ಲಾ ವರ್ಗಕ್ಕೂ ಕಳಿಸಿದ್ರು. ಪ್ರತಿ ವರ್ಗದ ಬಾಗಲದಾಗ ನಿಂತು, ತಿರುಗಿ ಬೆನ್ನು ತೋರಿಸಿ ಬರಬೇಕು. ಹನ್ನೊಂದು ವರ್ಗ... ಹನ್ನೊಂದನೇದು ನಮ್ಮ ಅಕ್ಕನ ವರ್ಗ ಆಗಿತ್ತು. ಆಕಿನೂ ನಕ್ಕಳು. ಇಷ್ಟು ವರ್ಷ ಆದ್ರೂ ನಾ ಆ ನಗು ಮರ್ತಿಲ್ಲ. ಯಾಕಂದ್ರ ಮುಂದ ಏನಾತು ಅನ್ನೋದರ ಬೇರು ಅಲ್ಲೇ ಐತಿ ಅಂತ ನಾ ಭಾಳ ದಿವಸ ನಂಬಿದ್ದೆ. ಈಗ ನಂಬೂದಿಲ್ಲ. ಸಣ್ಣವರಿದ್ದಾಗ ಎಲ್ಲಾರಿಗೂ ಏನರೆ ಅವಮಾನ ಆಗಿರತೈತಿ, ಎಲ್ಲಾರೂ ನನ್ನಂಗ ಮಾಡೂದಿಲ್ಲ.

ದೊಡ್ಡಾಕಿ ಆದ ಮ್ಯಾಲೆ ಅದ ಸಾಲ್ಯಾಗ ನನಗ ಗುಮಾಸ್ತೆ ಕೆಲಸಾ ಸಿಕ್ತು. ಅಕ್ಕೋರು ಅಲ್ಲೇ ಇದ್ರು. ಪಗಾರ ಪುಸ್ತಕಕ್ಕ ಸಹಿ ಮಾಡಾಕ ಬಂದಾಗೆಲ್ಲ ನನ್ನ ಮೋತಿ ನೋಡಿ, ಇವಳ ಕಾಲಂ ಗೆರಿ ಆದ್ರೂ ನೆಟ್ಟಗ ಅದಾವೇನು ನೋಡ್ರಿ ಅಂತ ಉಳದ ಟೀಚರ್ಸ್ ಮುಂದ ಅಂತಿದ್ರು. ನಾ ನಗ್ತಿದ್ದೆ. ನಗದ ಏನ ಮಾಡಲಿ.

ನಮ್ಮ ಸಾಲಿ ಪಿ.ಟಿ. ಸರ್‌ಗೆ ಗುಡ್ಡದ ಹುಚ್ಚು. ಅದು ತೊಂಬತ್ತರ ದಶಕ. ಹುಬ್ಬಳ್ಳಿ ಮಂದಿ ಸೂಟಿಗೆ ಗೋವಾ, ಭಾಳಂದ್ರ ಊಟಿ ಅಂತಿದ್ದ ಕಾಲ. ಸರ್ ಪ್ರತಿ ಮೇ ತಿಂಗಳು ಹತ್ತು ಮಂದೀನ ಕಟಗೊಂಡು ಹಿಮಾಚಲದ ಗುಡ್ಡಕ್ಕ ಹೋಗ್ತಿದ್ರು. ಅದೂ ಎಲ್ಲಾರೂ ಹೋಗೋ ಜಾಗಕ್ಕಲ್ಲ. ಗದ್ದಲಾನ ಬೇಕಂದ್ರ ದುರ್ಗದಬೈಲಿಗೆ ಹೋಗ್ರಿ, ಅಷ್ಟು ದೂರ ಯಾಕ ಅಂತಿದ್ರು. ನಕಾಶಿ ಬಿಚ್ಚಿ, ಹೆಸರು ಹೇಳಿದ್ರ ಅಲ್ಲಿಯವರಿಗೂ ಲಗೂ ನೆನಪಾಗದಂಥ ಯಾವುದರೆ ಒಂದು ಕಣಿವಿ ಹುಡುಕತಿದ್ರು. ಬಸ್ಸು ನಿಲ್ಲೋ ಕಡೇ ಊರಿನಿಂದ ನಾಕೈದು ದಿವಸ ನಡೀಬೇಕು. ಕಣಿವಿ ತುದ್ಯಾಗ ಎರಡು ಶಿಖರದ ನಡುವ ಒಂದು ಘಾಟು ಇರತೈತಿ. ಬ್ಯಾಸಿಗ್ಯಾಗೂ ಹಿಮ ಕರಗದ ಜಾಗ. ಅಲ್ಲೆ ಹೋಗಿ ನಿಂತು ಆಚೀ ಕಡೆ ನೋಡಿ ಬರೋದು, ಅಷ್ಟ.

ಅವರ ಬೆನ್ನಿನ ಚೀಲಾ ಹೊಲಿತಿದ್ದವರು ಅಕ್ಕೋರು. ಆವಾಗ ಹುಬ್ಬಳ್ಳಿ ಪ್ಯಾಟ್ಯಾಗ ಗುಡ್ಡಾ ಹತ್ತೋ ಚೀಲಾ ಎಲ್ಲೆ ಸಿಗಬೇಕು? ಲಾರಿ ಮ್ಯಾಲೆ ಹೊದಸೋ ತಾಡಪತ್ರಿ, ಹಳೇ ಛತ್ರಿ ಅರಬಿ, ಮಂಚಕ್ಕ ಹೆಣಿಯೋ ನವಾರಪಟ್ಟಿ, ಇಷ್ಟ ಸಾಮಾನಿನ್ಯಾಗ ಅಕ್ಕೋರು ಚೀಲಾ ಮಾಡಿಕೊಡ್ತಿದ್ರು. ಒಂದು ಪೈಸಾ ತಗೋತಿದ್ದಿಲ್ಲ. ಒಂಬತ್ತು ವರ್ಷ ಹೊಲದ್ರು. ಪ್ರತಿ ಜೂನ್ ತಿಂಗಳದಾಗ ಮಂದಿ ಮೋತಿ ಸುಟಗೊಂಡು, ಚರ್ಮಾ ಸುಲಕೊಂಡು ಬಂದು, ಹರದ ಚೀಲಾ ಅವರ ಮುಂದ ಇಟ್ಟು ಹಿಮದ ಸುದ್ದಿ ಹೇಳವರು. ಅಕ್ಕೋರು ಕೇಳಿದಂಗೂ ಕಾಣ್ತಿದ್ದಿಲ್ಲ. ಎಲ್ಲೆ ಹರದೈತಿ, ಯಾಕ ಹರದೈತಿ ಅಂತ ಹೊಲಿಗಿ ನೋಡ್ಕೋತ ಕುಂದರತಿದ್ರು. ಒಂಬತ್ತು ವರ್ಷ ಎಲ್ಲಾ ಕೇಳಿಸ್ಕೊಂಡಾರ ಅಂತ ಗೊತ್ತಾಗಿದ್ದು ರಿಟೈರ್ ಆಗೋ ವರ್ಷ. ಸ್ಟಾಫ್ ರೂಮಿನ್ಯಾಗ ಎಲ್ಲಾರೂ ಇದ್ದಾಗ ಪಿ.ಟಿ. ಸರ್‌ಗೆ ಅಂದ್ರು, "ನಾ ಹೊಲದ ಚೀಲಾ ಹೋದಲ್ಲಿ ನಾನೂ ಹೋಗಬೇಕ್ರಿ. ಈ ಸಲ ಬರ್ತೇನಿ."

ಅಕ್ಕೋರು ಏನರೆ ಕೇಳಿದ್ದನ್ನ ನಾವು ಯಾರೂ ಮೊದಲು ಕಂಡಿದ್ದಿಲ್ಲ. ಸರ್‌ಗೆ ಬ್ಯಾಡನ್ನೋಕೆ ಬಾಯಿ ಬರಲಿಲ್ಲ. ಆ ಗುಂಪಿನ್ಯಾಗ ಅಲ್ಲೀತನಕಾ ಗಂಡಸರ ಇದ್ರು. ಅಕ್ಕೋರು ಒಬ್ಬರ ಹೆಂಗ, ಜೋಡಿಗೆ ಒಬ್ಬಾಕಿ ಇರಲಿ ಅಂತ ನನ್ನನ್ನ ಕೇಳಿದ್ರು. ನನಗ ಆವಾಗ ಇಪ್ಪತ್ತೆಂಟು. ಹೂಂ ಅಂದೆ. ಹೂಂ ಅಂದಿದ್ದಕ್ಕ ಕಾರಣಾನೂ ಇತ್ತು. ನಮ್ಮ ಗುಂಪಿನ್ಯಾಗ ಘಾಟಿನ ಮ್ಯಾಲೆ ನಿಂತ ಮೊದಲನೇ ಹೆಣ್ಣಮಗಳು ಯಾರಾಗ್ತಾರ ನೋಡೋಣು ಅಂತ ಸರ್ ಸುಮ್ಮನ ಅಂದಿದ್ರು. ನಾ ಅದನ್ನ ಸುಮ್ಮನ ಅಂತ ತಗೊಳ್ಳಲಿಲ್ಲ. ಐವತ್ತೆಂಟರ ಹೆಣ್ಣಮಗಳು ಎರಡು ದಿವಸಕ್ಕ ಕುಂತಬಿಡ್ತಾಳ, ಉಳಿದಾಕಿ ನಾನ ಅಂತ ಲೆಕ್ಕಾ ಹಾಕಿದ್ದೆ.

ಲೆಕ್ಕಾ ತಪ್ಪೇತಿ ಅನ್ನೋದು ನೃಪತುಂಗ ಬೆಟ್ಟದಾಗ ಗೊತ್ತಾತು. ಮಾರ್ಚ್‌ನಿಂದ ಪ್ರತಿ ಐತವಾರ ಮುಂಜಾನೆ ಸರ್ ನಮ್ಮನ್ನ ಅಲ್ಲೆ ಹತ್ತಿಸಿ ಇಳಸ್ತಿದ್ರು, ಚೀಲದಾಗ ಇಟ್ಟಂಗಿ ತುಂಬಿ. ಅಕ್ಕೋರು ಗೋಪನಕೊಪ್ಪದಿಂದ ಇಟ್ಟಂಗಿ ಹೊತಗೊಂಡ ನಡಕೋತ ಬರ್ತಿದ್ರು. ನಾ ಎರಡನೇ ತಿರುವಿನ್ಯಾಗ ಕುಂತು ತೇಕೋವಾಗ ಅವರು ಒಂದು ಸಲ ಮ್ಯಾಲೆ ಹೋಗಿ ಕೆಳಗ ಬರೋವರು. ಅಮ್ಮಿನಬಾವಿ ಎರಿ ಹೊಲದಾಗ ಬುತ್ತಿ ಹೊತ್ತು ತಿರುಗಿದ ಕಾಲು ಇವು, ನಿಮ್ಮಂಗ ಖುರ್ಚಿ ಕಾಲಲ್ಲ ಅಂತ ನನ್ನ ಮುಂದ ಹಾಯ್ದು ಹೋಗ್ತಿದ್ರು.

ಅವರದು ಒಂದ ಕರಾರು. ಮುಂಜಾನೆ ಎದ್ದು ಜಳಕಾ ಮಾಡಿ ಇಷ್ಟಲಿಂಗ ಪೂಜಾ ಆಗೋತನಕಾ ಬಾಯಿಗೆ ಹನಿ ನೀರು ಹಾಕೂದಿಲ್ಲ. ಹುಟ್ಟಿದಾಗಿಂದ ನಡಸ್ಕೊಂಡು ಬಂದಾರ, ಹಿಮ ಬೀಳಲಿ, ಬೆಂಕಿ ಬೀಳಲಿ, ತಪ್ಪಂಗಿಲ್ಲ. ನಿಮಗ ತಡಾ ಮಾಡೂದಿಲ್ಲ, ತಾಸು ಮೊದಲ ಏಳ್ತೇನಿ ಅಂದ್ರು. ಕೊರಳಾಗ ಬೆಳ್ಳಿ ಕರಡಗಿ, ಅದರಾಗ ಲಿಂಗ. ಜೊತಿಗೆ ತಾವ ಹೊಲದ ಒಂದು ಸಣ್ಣ ಕೆಂಪು ಚೀಲಾ, ಅದರಾಗ ವಿಭೂತಿ ಗಟ್ಟಿ. ನಾವೂ ಲಿಂಗಾ ಕಟಗೊಳ್ಳೋ ಮಂದಿನ. ನಾ ಮಾತ್ರ ನನ್ನ ಕರಡಗಿ ದೇವರ ಕ್ವಾಣ್ಯಾಗ ಮೊಳಿಗೆ ತೂಗಹಾಕಿ ಬಂದಿದ್ದೆ, ಪ್ರವಾಸದಾಗ ಯಾಕ ಇವೆಲ್ಲಾ ಅಂತ.

ಎರಡು ದಿವಸ ರೈಲು, ಒಂದೂವರಿ ದಿವಸ ಬಸ್ಸು, ಆಮ್ಯಾಲೆ ನಡಗಿ. ಆ ಕಣಿವಿ... ಛಂದ ಇತ್ತೇನು ಅಂತ ಯಾರರೆ ಕೇಳಿದ್ರ ನನಗ ಹೇಳಾಕ ಬರೂದಿಲ್ಲ. ಇದ್ದಿರಬೇಕು. ಕಲ್ಲು ಚಪ್ಪಡಿ ಹೊದಸಿದ ಮನಿಗೋಳು, ದೇವದಾರು ಗಿಡ, ಬಗಲಾಗ ಹಾಲಿನಂಗ ಬೆಳ್ಳಗ ಹರಿಯೋ ಹೊಳಿ. ಕುರಿ ಕಾಯೋ ಮಂದಿ ನಮ್ಮ ಜೋಡಿ ಮ್ಯಾಲೆ ಹೊಂಟಿದ್ರು, ಬ್ಯಾಸಿಗಿ ಹುಲ್ಲಿಗೆ. ಅಕ್ಕೋರು ಅವರ ಉಣ್ಣಿ ಅಂಗಿ ತಿರುವ್ಯಾಡಿ ಹೊಲಿಗಿ ನೋಡಿ, ಭಾಷಾ ಬರದಿದ್ರೂ ಕೈಸನ್ನಿಲೆ ತಪ್ಪು ತೋರಸ್ತಿದ್ರು. ಅವರಿಗೆ ನಮ್ಮ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕೊಟ್ರು. ದಾರಿ ತೋರಸಾಕ ಬಂದಿದ್ದ ಗೈಡ್ ಒಬ್ಬಾಂವ, ನಲವತ್ತರ ಗಟ್ಟಿ ಆಳು, ಅಕ್ಕೋರಿಗೆ ಮಾತಾಜಿ ಮಾತಾಜಿ ಅಂತ ಬೆನ್ನು ಹತ್ತಿದ್ದ.

ಮುಂಜಾನೆ ನಾವು ಚಾ ಕುಡಿಯೋದ್ರಾಗ ಅಕ್ಕೋರು ಹೊಳಿ ನೀರಿಲೆ ಮೈ ತೊಳಕೊಂಡು, ಕಲ್ಲಿನ ಮ್ಯಾಲೆ ಕುಂತು, ಎಡ ಅಂಗೈಯಾಗ ಲಿಂಗಾ ಇಟಗೊಂಡಿರತಿದ್ರು. ಹಣಿ ತುಂಬ ವಿಭೂತಿ. ಒಂದು ದಿವಸಾನೂ ಅವರಿಂದ ತಡಾ ಆಗಲಿಲ್ಲ. ತಡಾ ಆಗ್ತಿದ್ದದ್ದು ನನ್ನಿಂದ.

ಮೂರನೇ ದಿವಸ ಹೊಳಿ ಮ್ಯಾಲೆ ಹೆಪ್ಪುಗಟ್ಟಿದ ಹಿಮ ದಾಟಬೇಕಿತ್ತು. ನಾ ಜಾರಿದೆ. ಭಾಳೇನಲ್ಲ, ಹತ್ತು ಮಾರು. ಗೈಡ್ ಹಿಡದ. ಆದ್ರ ಅಂಜಿಕ್ಯಾಗ ನಾ ದನಿ ತಗದು ಅತ್ತೆ. ಎಲ್ಲಾರೂ ಗಾಬರಿ ಆಗಿ ನಿಂತಾಗ ಅಕ್ಕೋರು ಆ ಕಡೆ ದಂಡಿ ಮ್ಯಾಲೆ ನಿಂತು ಅಂದ್ರು, ಈಕಿ ಏಳನೇ ಇಯತ್ತೆ ಇದ್ದಾಗೂ ಹಿಂಗ, ಹೊಲಿಗಿ ಸೊಟ್ಟ ಬಂದ್ರ ಅಳಾಕಿ, ಈಗ ನಡಗಿ ಸೊಟ್ಟ. ಮತ್ತ ಆ ಕರವಸ್ತ್ರದ ಕತಿ ಪೂರ್ತಿ ಹೇಳಿದ್ರು. ಹತ್ತು ಮಂದಿ ಬಿದ್ದು ಬಿದ್ದು ನಕ್ಕರು. ಪಿ.ಟಿ. ಸರೂ ನಕ್ಕರು. ಆವತ್ತಿನಿಂದ ನನಗ ಸೊಟ್ಟಮ್ಮ ಅಂತ ಹೆಸರು ಬಿತ್ತು. ಸೊಟ್ಟಮ್ಮ ಉಪ್ಪು ಕೊಡು, ಸೊಟ್ಟಮ್ಮ ಲಗೂ ನಡಿ... ನಾ ಒಂದ ಮಾತು ಮನಸಿನ್ಯಾಗ ಅಂದುಕೊಂಡೆ. ಈ ಮುದುಕಿ ಘಾಟಿನ ಮ್ಯಾಲೆ ನಿಲ್ಲಬಾರದು.

ಮರುದಿವಸ ಕಡೇ ಬಿಡಾರ. ಗಿಡಾ ಇಲ್ಲ, ಹುಲ್ಲೂ ಇಲ್ಲ, ಬರೇ ಕಲ್ಲು ಮತ್ತ ಹಿಮ. ಅದರ ಮರುದಿವಸ ನಸುಕಿನ್ಯಾಗ ಎದ್ದು, ಬಿಸಲಿಗೆ ಹಿಮ ಮೆತ್ತಗಾಗೋದರಾಗ ಘಾಟು ಹತ್ತಿ ಅಲ್ಲಿಂದಲೇ ತಿರುಗಿ ಬರೋದಿತ್ತು. ಸಂಜಿಮುಂದ ಅಕ್ಕೋರು ಅರಬಿ ಹಿಂಡಾಕ ಹೊರಗ ಹೋದ್ರು. ನಮ್ಮಿಬ್ಬರದು ಒಂದ ಟೆಂಟ್. ಮಡಚಿದ ಶಾಲಿನ ಮ್ಯಾಲೆ ಆ ಕೆಂಪು ಚೀಲಾ ಇತ್ತು. ತಗೊಂಡೆ. ನನ್ನ ಬೆನ್ನಿನ ಚೀಲದ ಒಳಜೇಬಿನ್ಯಾಗ ಇಟ್ಟೆ. ವಿಭೂತಿ ಇಲ್ಲಂದ್ರ ಪೂಜಾ ಇಲ್ಲ, ಪೂಜಾ ಇಲ್ಲಂದ್ರ ನೀರಿಲ್ಲ, ನೀರಿಲ್ಲದ ಯಾರು ಆ ಎತ್ತರಾ ಹತ್ತಾರು? ಬಿಡಾರದಾಗ ಕುಂದರತಾರ, ನಾ ಹೋಗಿ ಬರ್ತೇನಿ, ಬಂದು ಎಲ್ಲ್ಯರೆ ಹುಡುಕಿದಂಗ ಮಾಡಿ ಕೊಟ್ಟರಾತು. ಇಷ್ಟ ನನ್ನ ವಿಚಾರ.

ನಸುಕಿನ್ಯಾಗ ಎಚ್ಚರಾದಾಗ ಅಕ್ಕೋರು ಜಳಕಾ ಮಾಡಿ ಬಂದಿದ್ರು. ಬಕೀಟಿನ ಮ್ಯಾಲಿನ ಬರ್ಫ ಒಡದು ಆ ನೀರಿಲೆ. ತುಟಿ ನೀಲಿ ಆಗಿದ್ವು. ಚೀಲಾ ಹುಡಕಾಕ ಹತ್ತಿದ್ರು. ಶಾಲು ಝಾಡಿಸಿದ್ರು, ಹಾಸಗಿ ತಿರುವಿದ್ರು, ತಮ್ಮ ಸಾಮಾನೆಲ್ಲಾ ಹೊರಗ ಸುರುವಿದ್ರು. ಕಾಣವಲ್ದು, ಬ್ಯಾಟರಿ ಹಿಡಿ ಅಂದ್ರು. ಹಿಡದೆ. ಅವರು ಹುಡುಕಿದ ಕಡೆಯೆಲ್ಲಾ ನಾನ ಬೆಳಕು ಬಿಟ್ಟೆ. ಅರ್ಧಾ ತಾಸು ಬಿಟ್ಟೆ... ಮನಷ್ಯಾ ಎಷ್ಟು ನೀಚ ಆಗಬಹುದು ಅಂತ ಯಾರರೆ ನನ್ನ ಕೇಳಿದ್ರ ನಾ ಆ ಬ್ಯಾಟರಿ ಬಗ್ಗೆ ಹೇಳ್ತೇನಿ.

ಪಿ.ಟಿ. ಸರ್ ಬಂದ್ರು. ಒಲಿ ಬೂದಿ ಆದ್ರ ನಡಿತೈತೇನ್ರಿ ಅಂತ ಕೇಳಿದ್ರು. ನಮ್ಮದು ಸೀಮಿಎಣ್ಣಿ ಸ್ಟೋವ್, ಅದರಾಗ ಬೂದಿ ಎಲ್ಲಿಂದ ಬರಬೇಕು. ಸುತ್ತ ಸುಡಾಕ ಒಂದು ಕಡ್ಡಿನೂ ಇದ್ದಿದ್ದಿಲ್ಲ. ಇವತ್ತೊಂದು ದಿವಸ ಮನಸಿನ್ಯಾಗ ಪೂಜಾ ಮಾಡಿ ಒಂದು ಗುಟುಕು ಚಾ ತಗೊಳ್ರಿ ಅಂತ ಸರ್ ಕೈಮುಗದು ಹೇಳಿದ್ರು. ಇಲ್ಲಂದ್ರ ಇಲ್ಲೇ ಇರ್ರಿ, ನಾವು ಮಧ್ಯಾಹ್ನಕ್ಕ ಬರ್ತೇವಿ. ಅಕ್ಕೋರು ಕೋಲು ತಗೊಂಡ್ರು.

"ನಾ ಚಾ ಕುಡ್ಯಾಕ ಬಂದಿಲ್ಲ ಸರ. ನಡೀರಿ."

ನನ್ನ ಲೆಕ್ಕಾ ಎರಡನೇ ಸಲ ತಪ್ಪಿತ್ತು. ಆವಾಗಾದ್ರೂ ಕೊಡಬಹುದಿತ್ತು. ಅಯ್ಯ, ಇಲ್ಲೇ ಕಾಲಬುಡಕ ಬಿದ್ದೈತಲ್ರಿ ಅಂತ ನಾಟಕಾ ಮಾಡಿ ಕೊಟ್ಟಿದ್ರ ಮುಗಿತಿತ್ತು. ಅರ್ಧಾ ತಾಸು ಬ್ಯಾಟರಿ ಹಿಡದಾಕಿಗೆ ನಾಟಕಾ ಬರತಿದ್ದಿಲ್ಲ ಅಂತೇನಲ್ಲ. ಹತ್ತು ಹೆಜ್ಜಿಗೆ ಕುಂದರತಾರ ಬಿಡು ಅಂತ ಇನ್ನೂ ಆಸೆ ಇತ್ತು. ಹೊಂಡೋವಾಗ ಥಂಡಿಗೆ ನನ್ನ ಕೈಬಳ್ಳು ಸೆಟದು ಚೀಲದ ಪಟ್ಟಿ ಬಿಗಿಯಾಕ ಆಗವಲ್ದಾಗಿತ್ತು. ಅಕ್ಕೋರು ಹಿಂದ ಬಂದು ಬಿಗದು ಕೊಟ್ರು. ಚೀಲದ ಮ್ಯಾಲೆ ಕೈ ಒತ್ತಿ ಒಂದು ಸ್ವಲ್ಪ ಹೊತ್ತು ನಿಂತಂಗಾತು. ಆಮ್ಯಾಲೆ ಮುಂದ ಹೋದ್ರು.

ಆ ಹತ್ತೋಣಿಕಿ ಐದು ತಾಸಿಂದು. ಗೈಡ್ ಮುಂದ ಬೂಟಿನ ತುದೀಲೆ ಹಿಮ ಒದ್ದು ಮೆಟ್ಟಲಾ ಮಾಡ್ತಿದ್ದ, ನಾವು ಅದರಾಗ ಕಾಲಿಟಗೋತ ಹೋಗಬೇಕು. ಉಸರು ಸಾಲೂದಿಲ್ಲ. ಇಪ್ಪತ್ತು ಹೆಜ್ಜಿಗೊಮ್ಮೆ ನಿಲ್ಲೋದು. ಬಿಸಲು ಬಿದ್ದ ಮ್ಯಾಲಂತೂ ಗಂಟಲಾ ಒಣಗಿ ಬಿರಕು ಬಿಟ್ಟಂಗ ಆಗ್ತಿತ್ತು. ನಿಂತಾಗೊಮ್ಮೆ ಸರ್ ಬಾಟ್ಲಿ ಮುಂದ ಹಿಡದ್ರು, ಅಕ್ಕೋರು ಒಮ್ಮೆನೂ ಮುಟ್ಟಲಿಲ್ಲ. ನಾ ಅವರ ಕಣ್ಣಮುಂದ ಗಟಗಟ ಕುಡದೆ. ಅವರ ತುಟಿ ಮ್ಯಾಲೆ ಬಿಳೀ ಪದರಾ ಕಟ್ಟಿತ್ತು. ಮಾತು ನಿಂತಿತ್ತು. ಆದ್ರ ಕಾಲು ನಿಂದರಲಿಲ್ಲ. ಎಲ್ಲ್ಯರೆ ಕುಂತಾರು ಅಂತ ನಾ ಅವರ ಬೆನ್ನ ನೋಡಕೋತ ಹತ್ತಿದೆ. ಕುಂದರಲಿಲ್ಲ.

ನನಗಿಂತ ಮೊದಲ ಮುಟ್ಟಿದ್ರು. ನಾ ಹೋದಾಗ ಅಲ್ಲೆ ಪೇರಿಸಿಟ್ಟ ಕಲ್ಲಿನ ಗುಡ್ಡಿಗೆ ಬೆನ್ನು ಕೊಟ್ಟು ಕುಂತಿದ್ರು. ಕಲ್ಲಿನ ನಡುವ ಯಾರೋ ಸಣ್ಣ ಸಣ್ಣ ಕಬ್ಬಣದ ತ್ರಿಶೂಲ ನೆಟ್ಟಿದ್ರು. ಆಚೀ ಕಡೆ ಹಿಂದ ಹಿಂದ ಬರೇ ಹಿಮದ ಗುಡ್ಡ, ಕಡೀನ ಇಲ್ಲದಷ್ಟು... ಅಕ್ಕೋರು ಅದನ್ನ ನೋಡಾಕತ್ತಿದ್ರು. ಸರ್ ಅವರ ಕಾಲು ಮುಟ್ಟಿ ನಮಸ್ಕಾರ ಮಾಡಿದ್ರು. ನಮ್ಮ ಗುಂಪಿನ ಮೊದಲನೇ ಹೆಣ್ಣಮಗಳು ಅಂತ ಎಲ್ಲಾರೂ ಚಪ್ಪಾಳಿ ತಟ್ಟಿದ್ರು. ಅಕ್ಕೋರು ಕರಡಗಿ ತಗದು ಲಿಂಗಾ ಅಂಗೈಯಾಗ ಇಟಗೊಂಡು, ಎಲ್ಲಾರನ್ನೂ ಬಿಟ್ಟು ನನ್ನ ನೋಡಿದ್ರು. ಬಗಲಾಗ ಕುಂದರು ಅಂತ ಸನ್ನಿ ಮಾಡಿದ್ರು. ಕುಂತೆ. ನನ್ನ ಬಾಟ್ಲಿ ಮುಂದ ಮಾಡಿ, ನೀರು ಕುಡೀರಿ ಅಕ್ಕೋರ ಅಂದೆ.

"ಮತ್ತೇನರೆ ಕೊಡೋದೈತೇನು?" ಅಂತ ಕೇಳಿದ್ರು. ನಾಲಗಿ ಒಣಗಿ ಮಾತು ತೊಡರತಿತ್ತು.

"ಇಲ್ಲರಿ" ಅಂದೆ.

ಲಿಂಗಾ ಹಣಿಗೆ ಮುಟ್ಟಿಸಿ ಕರಡಗಿಯೊಳಗ ಇಟಗೊಂಡ್ರು. ಎದ್ರು. ಇಳಿಯೋವಾಗ ಹದಿನೈದು ಇಪ್ಪತ್ತು ಹೆಜ್ಜಿ ಹೋಗಿರಬೇಕು, ಅವರ ಬಲಗೈಯಾಗಿನ ಕೋಲು ಜಾರಿ ಬಿತ್ತು. ಬಗ್ಗಿ ತಗೋಳಾಕ ಹೋದ್ರು, ಬಳ್ಳು ಹಿಡಿಯವಲ್ವು. ಆ ಕೈನ ಯಾರದೋ ಕೈ ನೋಡಿದಂಗ ನೋಡಿದ್ರು. ಆಮ್ಯಾಲೆ ಬಾಯಿ ಒಂದು ಬದಿಗೆ ಹೋತು, ಹಿಮದ ಮ್ಯಾಲೆ ಕುಂತಬಿಟ್ರು. ಗೈಡ್ ತನ್ನ ಸೊಂಟಕ್ಕ ಸುತ್ತಿದ್ದ ಉಣ್ಣಿ ಹಗ್ಗಾ ಬಿಚ್ಚಿ ಅವರನ್ನ ಬೆನ್ನಿಗೆ ಕಟಗೊಂಡು ಬಿಡಾರದ ತನಕಾ ಇಳಿಸಿದ. ಅಲ್ಲೆ ಎಚ್ಚರಿಲ್ಲದಾಗ ಚಮಚೀಲೆ ಬಾಯಿಗೆ ನೀರು ಬಿಟ್ಟ. ಪೂಜಾ ಇಲ್ಲದ ಅವರ ಗಂಟಲದಾಗ ಇಳಿದ ಮೊದಲನೇ ನೀರು ಅದು. ಅರ್ಧಾ ಹೊರಗ ಹರದು ಹೋತು. ಎರಡು ದಿವಸ ಹೊತಗೊಂಡು, ಹೇಸರಗತ್ತಿ ಮ್ಯಾಲೆ ಕಟ್ಟಿ, ಆಮ್ಯಾಲೆ ಜೀಪಿನ್ಯಾಗ, ಒಂದು ಸಣ್ಣ ಊರಿನ ದವಾಖಾನಿ ಮುಟ್ಟಿದ್ವಿ. ಡಾಕ್ಟರು ಮೊದಲು ಕೇಳಿದ್ದು ಒಂದ ಮಾತು. ಇವರು ನೀರು ಯಾವಾಗ ಕುಡದಿದ್ರು? ಅಂಥಾ ಎತ್ತರದಾಗ ನೀರಿಲ್ಲದ ರಕ್ತ ಗಟ್ಟಿ ಆಗಿ ಮೆದುಳಿನ್ಯಾಗ ಸಿಗಬೀಳತೈತಿ ಅಂದ್ರು. ಸರ್ ತಲಿ ತಗ್ಗಿಸಿ, ಅವರದು ಪೂಜಾದ ನೇಮ ಇತ್ರಿ ಅಂತ ಹೇಳಿದ್ರು. ಡಾಕ್ಟರು ನಮ್ಮ ನೇಮಕ್ಕೂ ದೇವರಿಗೂ ಛಲೋತ್ನ್ಯಾಗ ಬೈದ್ರು. ಆ ಕೆಂಪು ಚೀಲಾ ನನ್ನ ಬೆನ್ನಮ್ಯಾಲೆ ಇತ್ತು. ನಾ ಹೌದ್ರಿ ಹೌದ್ರಿ ಅಂತ ಗೋಣು ಹಾಕಿದೆ.

ಅಕ್ಕೋರು ಬದುಕಿದ್ರು. ಬಲಗೈ ಬದುಕಲಿಲ್ಲ. ಹೊಲಿಯೋ ಕೈ. ಕಾಲೂ ಅರ್ಧಾ ಹೋತು. ಮಾತು ತಡವರಿಸಿ ಬರ್ತಿತ್ತು, ಆದ್ರ ತಿಳೀತಿತ್ತು. ಗೋಪನಕೊಪ್ಪದ ಮನ್ಯಾಗ ಕಿಡಕಿ ಬಗಲಾಗ ಒಂದು ಮಂಚಾ, ಅದರ ಎದುರಿಗೆ ಮುಚ್ಚಿಟ್ಟ ಮಷೀನು. ಊರ ಮಂದಿ ಎಲ್ಲಾ ಒಂದ ಮಾತು ಆಡಿದ್ರು, ಹಟಾ ಮಾಡಿ ಕೈ ಕಳಕೊಂಡಳು ಅಂತ. ಸಾಲ್ಯಾಗ ಹಂಗ ಅಂದ್ರು, ಓಣ್ಯಾಗ ಹಂಗ ಅಂದ್ರು. ಪಿ.ಟಿ. ಸರ್ ಮಾತ್ರ ಹಂಗ ಅನ್ನಲಿಲ್ಲ. ನಾ ಜುಲುಮಿಲೆ ಆದ್ರೂ ನೀರು ಕುಡಸಬೇಕಿತ್ತು ಅಂತ ಹಣಿ ಹಣಿ ಬಡಕೊಂಡು, ನಕಾಶಿ ಎಲ್ಲಾ ಕಟ್ಟಿಟ್ಟು, ಗುಡ್ಡಕ್ಕ ಹೋಗೋದನ್ನ ಬಿಟ್ಟರು. ಮತ್ತ ಹತ್ತಲೇ ಇಲ್ಲ.

ನಾ ವಾರಕ್ಕೊಮ್ಮೆ ಹೋಗ್ತಿದ್ದೆ. ಹಣ್ಣು ಒಯ್ತಿದ್ದೆ, ತಲಿ ಬಾಚತಿದ್ದೆ, ಉಗರು ಕತ್ತರಿಸತಿದ್ದೆ. ಹೊಟ್ಟೀಲೆ ಹುಟ್ಟಿದ ಮಗಳೂ ಹಿಂಗ ಮಾಡೂದಿಲ್ಲ ಅಂತ ಮಂದಿ ಹೊಗಳಿದ್ರು. ಆ ಹೊಗಳಿಕಿನೂ ನಾ ನುಂಗಿದೆ. ಅಕ್ಕೋರ ತಮ್ಮನ ಹೆಂಡತಿ ಮುಂಜಾನೆ ಅವರ ಅಂಗೈಯಾಗ ಲಿಂಗಾ ಇಟ್ಟು ವಿಭೂತಿ ಹಚ್ಚತಿದ್ಲು, ಹಚ್ಚುವಾಗೊಮ್ಮೆ, ಈ ಪೂಜಾದಿಂದನ ಇಷ್ಟೆಲ್ಲಾ ಆತಲ್ರಿ ಅಂತಿದ್ಲು. ಒಂದು ದಿವಸ ನನ್ನ ಮುಂದ ಅಂದ್ಲು. ಅಕ್ಕೋರು ನನ್ನ ನೋಡಿದ್ರು. ಅಂಥಾ ನೋಟಾ ಏಳು ವರ್ಷ ತಡಕೊಂಡಿದ್ದೆ. ಆವತ್ತು ಆಗಲಿಲ್ಲ.

ಮುಂದಿನ ವಾರ ಕೆಂಪು ಚೀಲಾ ತಗೊಂಡು ಹೋದೆ. ತಮ್ಮನ ಹೆಂಡತಿ ಜ್ವಾಳಾ ಬೀಸಾಕ ಗಿರಣಿಗೆ ಹೋಗೋತನಕಾ ಕಾದು, ಮಂಚದ ಮ್ಯಾಲೆ ಅವರ ಎಡಗೈ ಬಗಲಾಗ ಇಟ್ಟೆ. ಇದನ್ನ ತಗದಿಟ್ಟಾಕಿ ನಾನ ಅಕ್ಕೋರ ಅಂದೆ. ಅಳು ಬರಲಿಲ್ಲ. ಅವರು ಚೀಲಾ ನೋಡಲೂ ಇಲ್ಲ.

"ಗೊತ್ತೈತಿ" ಅಂದ್ರು.

ಪಟ್ಟಿ ಬಿಗಿಯೋವಾಗ ಕೈಗೆ ಹತ್ತಿತ್ತಂತ. ಆ ಒಳಜೇಬು ಹೊಲದಾಕಿ ನಾನು, ಅದರಾ‍ಗ ಏನೈತಿ ಅಂತ ಮ್ಯಾಲಿಂದ ಮುಟ್ಟಿದ್ರ ನನಗ ತಿಳೀದೇನು ಅಂದ್ರು. ಒಂದೊಂದು ಮಾತಿಗೂ ಉಸರು ತಗೊಂಡು, ನಿಧಾನ. ಮತ್ತ ಯಾಕ ಕೇಳಲಿಲ್ಲರಿ ಅಂತ ನಾ ಕೇಳಿದೆ. ನನ್ನ ಧ್ವನಿ ಏರಿತ್ತು.

"ಕೇಳಿದ್ರ ಕೊಡ್ತಿದ್ದಿ. ನೀನಾಗಿ ಕೊಡ್ತಿ ಅಂತ ಮ್ಯಾಲಿನ ತನಕಾ ಕಾದೆ."

ಖರೇ ಹೇಳ್ತೇನಿ, ನನಗ ಆವಾಗ ಬಂದದ್ದು ಸಿಟ್ಟು. ಒಂದು ಮಾತು ಕೇಳಿದ್ರ ಕೈ ಉಳೀತಿತ್ತಲ್ಲ! ಕೊರಳಪಟ್ಟಿ ಹಿಡದು ಕೇಳಬಹುದಿತ್ತು, ಎಲ್ಲಾರ ಮುಂದ ಚೀಲಾ ಬಿಚ್ಚಿಸಿ ಮಾನಾ ಕಳೀಬಹುದಿತ್ತು. ಹನ್ನೊಂದು ವರ್ಗಕ್ಕ ಬೆನ್ನು ತೋರಿಸಾಕ ಕಳಿಸಿದ ಹೆಣ್ಣಮಗಳು ಅವತ್ತ ಒಂದು ದಿವಸ ನನ್ನ ಮಾನಾ ಉಳಿಸಿ, ನನ್ನ ಮ್ಯಾಲೆ ಭರೋಸಾ ಇಟ್ಟು, ತನ್ನ ಕೈ ಕಳಕೊಂಡ್ಲು. ಇದಕ್ಕಿಂತ ಬೈದಿದ್ರ, ಹೊಡದಿದ್ರ ನಾ ಉಳೀತಿದ್ದೆ.

ನಾ ಕಾಲು ಹಿಡದೆ. ಎಲ್ಲಾರಿಗೂ ಹೇಳ್ತೇನ್ರಿ ಅಂದೆ. ನಿಮ್ಮ ತಮ್ಮಗ, ಸಾಲಿಯವರಿಗೆ, ಸರ್‌ಗೆ. ಇದು ನಿಮ್ಮ ಹಟಾ ಅಲ್ಲ, ನನ್ನ ಕೆಲಸಾ ಅಂತ ಮಂದಿಗೆ ಗೊತ್ತಾಗಲಿ. ಅಕ್ಕೋರು ಎಡಗೈಲೆ ಆ ಚೀಲಾ ದೂಡಿ ನನ್ನ ಮಡಲಾಗ ಹಾಕಿದ್ರು.

"ಯಾರ ಮುಂದೂ ಹೇಳಬ್ಯಾಡ. ಹೇಳಿದ್ರ ನೀ ಹಗುರಾಗ್ತಿ" ಅಂದ್ರು. ಗ್ವಾಡಿ ಕಡೆ ಮೋತಿ ತಿರುವಿದ್ರು. "ನೀ ಹಗುರಾಗೋದು ನನಗ ಬ್ಯಾಡಾಗೈತಿ."

ಆಮ್ಯಾಲೂ ನಾಕು ವರ್ಷ ಇದ್ರು. ನಾ ಹೋಗೋದು ಬಿಡಲಿಲ್ಲ, ಅವರು ಬರಬ್ಯಾಡ ಅನ್ನಲಿಲ್ಲ. ಆ ಮಾತು ಮತ್ತ ಎತ್ತಲಿಲ್ಲ. ತಲಿ ಬಾಚಿಸ್ಕೊಳ್ಳೋವಾಗ ಬೈತಲಿ ಸೊಟ್ಟ ತಗದಿ ಅಂತ ಬೈತಿದ್ರು. ಒಂದು ಮಳಿಗಾಲದಾಗ ಲಿಂಗೈಕ್ಯರಾದ್ರು. ಅವರನ್ನ ಕುಂದರಿಸಿ, ಎಡ ಅಂಗೈಯಾಗ ಲಿಂಗಾ ಇಟ್ಟಾಗ ಮಂದಿ ಇನ್ನೂ ಅದನ್ನ ಅಂತಿದ್ರು, ಎಂಥಾ ಹಟಮಾರಿ ಜೀವಾರೀ ಅಂತ. ಎರಡು ವರ್ಷಕ್ಕ ಪಿ.ಟಿ. ಸರೂ ತೀರಿಕೊಂಡ್ರು. ಅದಕ್ಕ ಮೊದಲ ದವಾಖಾನ್ಯಾಗ ನೋಡಾಕ ಹೋದಾಗ ನನ್ನ ಕೈ ಹಿಡಕೊಂಡು, ಆವತ್ತು ನಾ ಅಕ್ಕೋರಿಗೆ ನೀರು ಕುಡಸಬೇಕಿತ್ತವ್ವಾ ಅಂತ ಅತ್ರು. ಒಂದು ಮಾತು ಹೇಳಿದ್ರ ಆ ಮನಷ್ಯಾ ಸಮಾಧಾನದಿಂದ ಹೋಗ್ತಿದ್ರು. ಹೇಳಲಿಲ್ಲ. ಅಕ್ಕೋರ ಮಾತು ಮೀರಬಾರದು ಅಂತ ಸುಮ್ಮನಿದ್ದೆ ಅಂತ ನನಗ ನಾನ ಹೇಳ್ಕೊಂಡೆ. ನಮಗ ಅನುಕೂಲ ಇದ್ದಾಗ ದೊಡ್ಡವರ ಮಾತು ಎಷ್ಟು ಲಗೂ ಕೇಳ್ತೇವಿ ನೋಡ್ರಿ.

ಈಗ ಅಕ್ಕೋರಿಲ್ಲ, ಸರ್ ಇಲ್ಲ, ಆ ತಮ್ಮ ಗೋಪನಕೊಪ್ಪದ ಮನಿ ಮಾರಿ ಎಲ್ಲೋ ಹೋಗ್ಯಾನ. ನಾ ಹೇಳಿದ್ರ ಸಿಟ್ಟಾಗವರಿಲ್ಲ, ಹೇಳದಿದ್ರ ಕೇಳವರಿಲ್ಲ. ಆವತ್ತು ರಾತ್ರಿ ಊಟಾ ಬಿಟ್ಟು ಎದ್ದಾಕಿ ಹಾಳಿ ಪೆನ್ನು ಹುಡುಕಿ ಕುಂತೆ. ಇವತ್ತಿಗೆ ನಾಕು ದಿವಸಾತು, ಮೊದಲಿಂದ ಕಡೀತನಕಾ, ಒಂದೂ ಬಿಡದ ಬರದೇನಿ. ಬ್ಯಾಟರಿದೂ ಬರದೇನಿ. ಬರದು ಮುಗಿಸಿ ಪಡಸಾಲ್ಯಾಗ ಹೋಗಿ ನಿಂತು ನೋಡಿದೆ, ಎದ್ಯಾಗ ಏನರೆ ಬ್ಯಾರೆ ಆಗೇತೇನು ಅಂತ. ಭಾಳ ಹೊತ್ತು ನಿಂತೆ. ಹೇಳಿದ್ರ ಹಗುರಾಗ್ತಿ ಅಂದಿದ್ರು. ಅಕ್ಕೋರು ಜೀವನದಾಗ ತಪ್ಪು ಹೇಳಿದ್ದು ಅದೊಂದ ಮಾತು.